ಗರ್ಭಶಾಸ್ತ್ರದ ಬಿ.ಎಸ್ಸಿ.

ಗ್ಯಾಸಿನವರು ಮತ್ತೆ ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದ್ದರಿಂದ ನಿನ್ನೆ ಬೀರುವಿನ ಮೇಲಿದ್ದ ಹಸಿರು ಫೈಲನ್ನು ಇಳಿಸಬೇಕಾಯಿತು. ಈ ಫೈಲಿನ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ಇದರಲ್ಲಿ ನಮ್ಮ ಮನೆಯ ನಾಲ್ಕು ಜನರ ಸಕಲ ದಾಖಲೆಗಳ ಐದೈದು ಪ್ರತಿಗಳಿವೆ. ಚರ್ಚು ಕೊಟ್ಟ ನನ್ನ ಜ್ಞಾನಸ್ನಾನದ ಪತ್ರದ್ದು ಮಾತ್ರ ಹನ್ನೊಂದು. ಐವತ್ತು ದಾಟಿದ ಗಂಡಸಿಗೆ ಜ್ಞಾನಸ್ನಾನ ಆಗಿದೆಯೋ ಇಲ್ಲವೋ ಅಂತ ಯಾವ ಕೌಂಟರಿನಲ್ಲಿ ಹನ್ನೊಂದು ಸಲ ಕೇಳುತ್ತಾರೆ ಎನ್ನುವುದು ನನ್ನ ಹೆಂಡತಿ ಲೂರ್ದುವಿನ ಪ್ರಶ್ನೆ. ಕೇಳಿಬಿಟ್ಟರೆ ಏನು ಮಾಡುವುದು ಎನ್ನುವುದು ನನ್ನ ಪ್ರಶ್ನೆ. ಇಪ್ಪತ್ನಾಲ್ಕು ವರ್ಷದ ಸಂಸಾರದಲ್ಲಿ ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಉತ್ತರ ಕೊಟ್ಟಿಲ್ಲ. ಅವಳು ಇದನ್ನು ‘ಫಿಕರ್ ಫೈಲು’, ಅಂದರೆ ಚಿಂತೆಯ ಕಡತ, ಅನ್ನುತ್ತಾಳೆ.

ಆಧಾರ್ ಹುಡುಕುವಾಗ ನಡುವಿನಿಂದ ಒಂದು ಅರ್ಜಿ ಜಾರಿ ಬಿತ್ತು. ನರ್ಸಿಂಗ್ ಕಾಲೇಜಿನ ಅರ್ಜಿ. ಪೆನ್ಸಿಲಿನಲ್ಲಿ ಅರ್ಧ ತುಂಬಿದ್ದು. ಅಕ್ಷರ ನನ್ನದೇ. ವಿದ್ಯಾರ್ಥಿನಿಯ ಹೆಸರು ಸ್ಟೆಲ್ಲಾ, ತಂದೆಯ ಹೆಸರು ಅಂತೋಣಿ, ಧರ್ಮ ರೋಮನ್ ಕ್ಯಾಥೋಲಿಕ್. ಅಲ್ಲಿಂದ ಕೆಳಗೆ ‘ಈ ಪದವಿಯನ್ನು ಆರಿಸಿಕೊಳ್ಳಲು ಕಾರಣ’ ಎಂಬಲ್ಲಿ ಮೂರು ಗೆರೆಗಳು ಖಾಲಿ. ಪೆನ್ಸಿಲನ್ನು ಒತ್ತಿ ಒತ್ತಿ ಬಿಟ್ಟ ಗುರುತು ಮಾತ್ರ ಉಳಿದಿದೆ. ಅಲ್ಲಿಗೇ ನಿಂತುಹೋಗಿದ್ದೆ, ಹೋದ ವರ್ಷ, ಮೇ ತಿಂಗಳಿನಲ್ಲಿ. ಆಧಾರ್ ಮರೆತು ನೆಲದ ಮೇಲೆ ಕೂತು ನಗಲು ಶುರುಮಾಡಿದೆ. ಲೂರ್ದು ಅಡುಗೆಮನೆಯಿಂದ ಇಣುಕಿ, “ಏನಾತ್ರಿ, ಇನ್ನೊಂದು ಜ್ಞಾನಸ್ನಾನ ಸಿಕ್ತೇನು?” ಅಂದಳು.

ಪದವಿ ಆರಿಸುವ ವಿಷಯದಲ್ಲಿ ನಾನು ಯಾರಿಗೂ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. ನನ್ನ ಕಥೆ ಕೇಳಿ. ನಾನು ಸಿರುಗುಪ್ಪದವನು. ನಮ್ಮಪ್ಪ ಅಲ್ಲಿ ಉಪದೇಶಿ. ಉಪದೇಶಿ ಅಂದರೆ ಫಾದರ್ ವಾರಕ್ಕೊಮ್ಮೆಯೂ ಬರಲಾಗದ ಊರುಗಳಿಗೆ ಸೈಕಲ್ ತುಳಿದುಕೊಂಡು ಹೋಗಿ ಜಪ ಹೇಳಿಸುವ, ಮಕ್ಕಳಿಗೆ ಧರ್ಮಪಾಠ ಕಲಿಸುವ, ಗಂಡಹೆಂಡಿರ ಜಗಳ ಬಿಡಿಸುವ ಮನುಷ್ಯ. ಸಿರಿಗೇರಿಗೆ ಹೋದರೆ ಕೆಂಪು ಮಣ್ಣಿನಲ್ಲಿ ಮುಳುಗಿ ಬರುತ್ತಿದ್ದ. ಸೈಕಲ್ ಯಾವುದು ಅಪ್ಪ ಯಾವುದು ಗೊತ್ತಾಗುತ್ತಿರಲಿಲ್ಲ. ಇಂಥವನ ಒಬ್ಬನೇ ಮಗ ಪಿಯುಸಿ ಪಾಸಾದರೆ ಮುಂದಿನದು ಏನು ಅಂತ ಯಾರೂ ಕೇಳುವ ಹಾಗೇ ಇರಲಿಲ್ಲ. ಸೆಮಿನರಿ. ಫಾದರ್ ಆಗಲು ಓದುವ ಆ ಶಾಲೆಗೆ ಮೊದಲು ‘ದೇವಕರೆ ಶಿಬಿರ’ ಅಂತ ಮೂರು ದಿನ ಇರುತ್ತಿತ್ತು. ದೇವರು ನಿಜವಾಗಿಯೂ ಕರೆದಿದ್ದಾನೋ ಅಥವಾ ಅಪ್ಪ ಕಳಿಸಿದ್ದಾನೋ ಅಂತ ಹಿರಿಯ ಗುರುಗಳು ಪರೀಕ್ಷಿಸುವ ಶಿಬಿರ.

ಮೊದಲ ದಿನವೇ ನನಗೆ ಒಂದು ಚಿಂತೆ ಹತ್ತಿತು. ನಾನು ನಿದ್ದೆಯಲ್ಲಿ ಮಾತಾಡುತ್ತೇನೆ. ನಾಳೆ ಗುರುವಾಗಿ ಜನರ ಪಾಪನಿವೇದನೆ ಕೇಳಿ, ಮಧ್ಯಾಹ್ನ ಮಲಗಿದಾಗ ಎಲ್ಲರ ಪಾಪಗಳನ್ನೂ ಊರಿಗೆ ಕೇಳುವಂತೆ ಒದರಿಬಿಟ್ಟರೆ? ಎರಡನೇ ದಿನ ಹೋಗಿ ಹಿರಿಯ ಗುರುಗಳನ್ನು ಕೇಳಿಯೇಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ಮೂರನೇ ದಿನ ನಮ್ಮಪ್ಪನಿಗೆ ಚೀಟಿ ಬರೆದು ನನ್ನ ಕೈಯಲ್ಲೇ ಕಳಿಸಿದರು: ‘ನಿಮ್ಮ ಮಗನಿಗೆ ಬಂದಿರುವುದು ಕರೆಯಲ್ಲ, ಚಿಂತೆ. ಪ್ರೀತಿಯಿಂದ ವಾಪಸು ಕಳಿಸುತ್ತಿದ್ದೇನೆ.’

ಆಮೇಲೆ ಬಳ್ಳಾರಿಗೆ ಬಂದು ಡಿಗ್ರಿ ಕಾಲೇಜಿನ ಮುಂದೆ ನಿಂತೆ. ಮೂರು ಸಾಲುಗಳಿದ್ದವು. ಜೂನ್ ತಿಂಗಳಾದರೂ ಬಿಸಿಲಿಗೆ ತಿಂಗಳ ಲೆಕ್ಕ ಗೊತ್ತಿರಲಿಲ್ಲ. ಮೂರರಲ್ಲಿ ಒಂದೇ ಒಂದು ಸಾಲು ಬೇವಿನ ಮರದ ನೆರಳಿನಲ್ಲಿತ್ತು. ಅದು ಕನ್ನಡ ಐಚ್ಛಿಕದ ಸಾಲು. ಹೀಗೆ ನಾನು ಕನ್ನಡ ಮಾಸ್ತರನಾದೆ. ಗಾಂಧಿನಗರದ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಈಗಲೂ ಮಕ್ಕಳಿಗೆ ಸಂಧಿ ಸಮಾಸ ಹೇಳುತ್ತಿದ್ದೇನೆ. ಕೇಳಿದವರಿಗೆ ಭಾಷೆಯ ಮೇಲಿನ ಪ್ರೀತಿ ಅನ್ನುತ್ತೇನೆ. ಪ್ರೀತಿ ಆಮೇಲೆ ಬಂದದ್ದು ಸುಳ್ಳೇನಲ್ಲ. ಮೊದಲು ಬಂದದ್ದು ನೆರಳು.

ಸ್ಟೆಲ್ಲಾಳ ವಿಷಯಕ್ಕೆ ಬರುತ್ತೇನೆ. ಅವಳು ನೆರಳಿಗೆ ನಿಲ್ಲುವ ಜಾತಿಯವಳಲ್ಲ. ಲೂರ್ದುವಿನ ತವರು ಕುರುಗೋಡು. ಅಲ್ಲಿಗೆ ಹೋದಾಗಲೆಲ್ಲ ಈ ಹುಡುಗಿ ಬೆಟ್ಟ ಹತ್ತಿ, ಫ್ರಾಕಿನ ತುಂಬ ಕಲ್ಲು ಹೊತ್ತು ಇಳಿಯುತ್ತಿದ್ದಳು. ಎಂಟು ವರ್ಷದವಳಿದ್ದಾಗ ನನ್ನ ಕೈಹಿಡಿದು ಒಂದು ಬಂಡೆಯ ಮುಂದೆ ನಿಲ್ಲಿಸಿದಳು. ತಿಳಿ ಗುಲಾಬಿ ಬಣ್ಣದ ದೊಡ್ಡ ಬಂಡೆ; ಅದರ ಮೇಲೆ ಈ ತುದಿಯಿಂದ ಆ ತುದಿಗೆ ಕಪ್ಪನೆಯ ಪಟ್ಟೆ, ಯಾರೋ ಸ್ಕೇಲ್ ಇಟ್ಟು ಎಳೆದ ಹಾಗೆ.

“ಪಪ್ಪಾ, ಇದನ್ನ ಯಾರು ಎಳದ್ರು?”

“ದೇವರು,” ಅಂದೆ. ಉಪದೇಶಿಯ ಮಗ, ಬೇರೆ ಏನು ಹೇಳಲಿ?

“ಯಾವುದ್ರಿಂದ ಎಳದ?”

ಬಿಸಿಲಾಯಿತು, ಇಳಿ ಅಂದೆ. ಇಳಿದಳು. ಪ್ರಶ್ನೆಯನ್ನು ಮಾತ್ರ ಇಳಿಸಲಿಲ್ಲ.

ನಮ್ಮ ಚರ್ಚಿನ ಜನರಿಗೆ ಪದವಿಗಳು ಹೆಚ್ಚು ಗೊತ್ತಿಲ್ಲ. ಗಂಡುಹುಡುಗನಾದರೆ ಸೆಮಿನರಿ, ಕರೆ ಬರದಿದ್ದರೆ ಐಟಿಐ. ಹುಡುಗಿಯಾದರೆ ಕಾನ್ವೆಂಟ್ ಸೇರಿ ಸಿಸ್ಟರ್; ಕರೆ ಬರದಿದ್ದರೆ ಟೀಚರ್ ಟ್ರೇನಿಂಗು ಅಥವಾ ನರ್ಸಿಂಗು. ಅದರಲ್ಲೂ ನರ್ಸಿಂಗ್ ಅಂದರೆ ನಮ್ಮಲ್ಲಿ ಅರ್ಧ ಸನ್ಯಾಸ. ಹೋದ ವರ್ಷ ಸ್ಟೆಲ್ಲಾಳ ಪಿಯುಸಿ ಫಲಿತಾಂಶ ಬಂದ ಭಾನುವಾರ, ಪೂಜೆ ಮುಗಿಸಿ ಹೊರಗೆ ಬಂದರೆ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಬಿಡದೆ ಜನ ಸುತ್ತುವರಿದರು. ಎಲ್ಲರದೂ ಒಂದೇ ಮಾತು: “ನರ್ಸಿಂಗ್ ಹಾಕ್ರಿ ಮಾಸ್ತರ್ರೇ, ಸೇವಾನೂ ಆಗ್ತೈತಿ, ಕೆಲಸಾನೂ ಸಿಗ್ತೈತಿ.” ನಾನು ಎಲ್ಲರಿಗೂ ಹೂಂ ಅಂದೆ. ಹೂಂ ಅನ್ನುವುದು ನನ್ನ ದೊಡ್ಡ ದೌರ್ಬಲ್ಯ. ಅದನ್ನು ನೀವು ಮುಂದೆ ನೋಡುವಿರಿ.

ಮನೆಗೆ ಬಂದು ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ಸ್ಟೆಲ್ಲಾ ಹೇಳಿದಳು: “ಪಪ್ಪಾ, ನಾ ಜಿಯಾಲಜಿ ಮಾಡ್ತೀನಿ. ಬಿ.ಎಸ್ಸಿ. ನಮ್ಮ ಊರಾಗ ಐತಿ. ಬೇರೆ ಏನೂ ಮಾಡಂಗಿಲ್ಲ.”

ನಿಮ್ಮಲ್ಲಿ ಮುಚ್ಚುಮರೆ ಏಕೆ? ಮೊದಲ ಐದು ನಿಮಿಷ ನಾನು ನನ್ನ ಅಭ್ಯಾಸದಂತೆ ಚಿಂತೆ ಮಾಡಿದೆ. ಗಣಿಯಲ್ಲಿ ಬಂಡೆ ಬಿದ್ದರೆ? ಬೆಟ್ಟದಲ್ಲಿ ಹಾವು ಕಚ್ಚಿದರೆ? ಭಾನುವಾರವೇ ಫೀಲ್ಡಿಗೆ ಕರೆದುಕೊಂಡು ಹೋದರೆ ಪೂಜೆಯ ಗತಿಯೇನು? ಭೂಮಿಯ ವಯಸ್ಸು ಓದಿ ಓದಿ ಹುಡುಗಿ ಒಂದು ದಿನ, “ಬೈಬಲ್ ಹೇಳಿದಂಗ ಆರು ದಿನದಾಗ ಸೃಷ್ಟಿ ಆಗಿಲ್ಲ ಪಪ್ಪಾ,” ಅಂದುಬಿಟ್ಟರೆ? ಅಷ್ಟರಲ್ಲಿ ಅವಳು ಫೋನಿನಲ್ಲಿ ಪಠ್ಯಕ್ರಮ ತೆರೆದು ನನ್ನ ಕೈಗಿತ್ತಳು. ಓದತೊಡಗಿದೆ. ಬೆಂಕಿಯಿಂದ ಹುಟ್ಟಿದ ಶಿಲೆಗಳು, ನೀರಿನಿಂದ ಹುಟ್ಟಿದ ಶಿಲೆಗಳು, ಒತ್ತಡದಲ್ಲಿ ರೂಪ ಬದಲಿಸಿದ ಶಿಲೆಗಳು. ಕಲ್ಲಾದ ಮೀನುಗಳು, ಕಲ್ಲಾದ ಎಲೆಗಳು. ಓದುತ್ತಾ ಓದುತ್ತಾ ನನಗೆ ಏನಾಯಿತೋ! ಐವತ್ತೊಂದು ವರ್ಷ ಕಲ್ಲಿನ ಜಿಲ್ಲೆಯಲ್ಲಿ ಬದುಕಿ ಒಂದೇ ಒಂದು ಕಲ್ಲನ್ನೂ ಮಾತಾಡಿಸದೆ ಬಿಟ್ಟೆನಲ್ಲ ಅನ್ನಿಸಿತು. ಎದ್ದು ಮನೆಯಲ್ಲೆಲ್ಲ ಓಡಾಡಿದೆ. ಹೊಸ್ತಿಲು ಮುಟ್ಟಿದೆ, ಒರಳು ಮುಟ್ಟಿದೆ. ಅಡುಗೆಮನೆಗೆ ಹೋಗಿ ಕಟ್ಟೆಯ ಕಪ್ಪು ಗ್ರಾನೈಟಿನ ಮೇಲೆ ಅಂಗೈ ಇಟ್ಟು, “ಲೂರ್ದು, ಇಷ್ಟು ವರ್ಷ ನೀನು ಚಪಾತಿ ಲಟ್ಟಿಸಿದ್ದು ಯಾವುದರ ಮ್ಯಾಲೆ ಅಂತ ಗೊತ್ತೈತೇನು?” ಅಂದೆ.

“ಗೊತ್ತೈತಿ. ನಿಮ್ಮ ತಲಿ ಮ್ಯಾಲೆ. ಜರುಗ್ರಿ,” ಅಂದಳು. ಆದರೆ ಅವಳ ಮುಖದಲ್ಲೂ ಖುಷಿಯಿತ್ತು. ಕುರುಗೋಡಿನ ಮಗಳು, ಕಲ್ಲಿಗೆ ಮರ್ಯಾದೆ ಬಂದರೆ ತವರಿಗೆ ಬಂದ ಹಾಗೆ.

ಉಳಿದದ್ದು ಅವ್ವ.

ನಮ್ಮವ್ವ ಆರೋಗ್ಯಮ್ಮನಿಗೆ ಎಪ್ಪತ್ತೆಂಟು. ಅಪ್ಪ ಹೋದ ಮೇಲೆ ಸಿರುಗುಪ್ಪ ಬಿಟ್ಟು ನಮ್ಮ ಜೊತೆ ಇದ್ದಾಳೆ. ಬೆಳಿಗ್ಗೆ ಆರರ ಪೂಜೆ ತಪ್ಪಿಸುವುದಿಲ್ಲ. ಜಪಸರ ಕೈಯಿಂದ ಇಳಿಯುವುದಿಲ್ಲ. ಎಡಗಿವಿ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಯಾರು ಯಾವ ಹೊಸ ಕೆಲಸಕ್ಕೆ ಹೊರಟರೂ ಅವ್ವ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಬೇಕು. ನನ್ನ ಮದುವೆಗೆ ಹಾಕಿದ್ದಾಳೆ, ಸ್ಕೂಟರಿನ ಹೆಡ್‌ಲೈಟಿಗೂ ಹಾಕಿದ್ದಾಳೆ. ಅದಿಲ್ಲದೆ ಹೊರಟ ಕೆಲಸ ನಮ್ಮಲ್ಲಿ ಕೆಲಸವೇ ಅಲ್ಲ. ಹಾಗಾಗಿ ಅವ್ವನಿಗೆ ಹೇಳಬೇಕು. ಹೇಳುವ ಜವಾಬ್ದಾರಿ ನನ್ನದು.

ಇಲ್ಲಿ ನನ್ನ ಕನ್ನಡ ನನಗೆ ಕೈಕೊಟ್ಟಿತು. ಬೇರೆ ಯಾರಾದರೂ ಆಗಿದ್ದರೆ ‘ಜಿಯಾಲಜಿ’ ಅಂದು ಮುಗಿಸುತ್ತಿದ್ದರು. ಅವ್ವ ಅರ್ಥವಾಗದೆ, ಆಗಲಿ ಅನ್ನುತ್ತಿದ್ದಳು. ನಾನು ಕನ್ನಡ ಮಾಸ್ತರ್. ಅವ್ವನ ಬಲಗಿವಿಯ ಹತ್ತಿರ ಬಾಗಿ, ಗಂಟಲು ಸರಿಮಾಡಿಕೊಂಡು, “ಅವ್ವ, ನಿನ್ನ ಮೊಮ್ಮಗಳು ಭೂಗರ್ಭಶಾಸ್ತ್ರ ಓದ್ತಾಳಂತ,” ಅಂದೆ. ‘ಭೂ’ ಅನ್ನುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗಿತು.

ಅವ್ವ ಜಪಸರ ನಿಲ್ಲಿಸಿದಳು. “ಏನು? ಗರ್ಭಶಾಸ್ತ್ರ?”

ನಾನು ಬಾಯಿ ತೆರೆದೆ.

“ಬಸುರಿ ಬಾಣಂತಿ ನೋಡಾದಲ್ಲೇನು? ಅಯ್ಯೋ ನನ್ನ ಬಂಗಾರು! ನನ್ನ ಪ್ರಾರ್ಥನಿ ಕೇಳಿದ್ಲಲೇ ನಮ್ಮ ಮಾತೆ!” ಅವ್ವನ ಕಣ್ಣಲ್ಲಿ ನೀರು ಬಂತು. “ನಿಮ್ಮಪ್ಪಗ ಕಡೀ ಗಳಿಗ್ಯಾಗ ಬಾಯಿಗೆ ನೀರು ಬಿಟ್ಟಾಕಿ ಯಾರು? ನೀ ಅಲ್ಲ, ನಾ ಅಲ್ಲ. ದವಾಖಾನ್ಯಾಗಿನ ಆ ನರ್ಸಮ್ಮ. ಅವತ್ತ ಬೇಡ್ಕೊಂಡಿದ್ದೆ, ನಮ್ಮ ಮನ್ಯಾಗೂ ಒಬ್ಬಾಕಿ ಹಂಗ ಆಗ್ಲಿ ಅಂತ.”

ತೆರೆದ ಬಾಯಿಯನ್ನು ನಾನು ಮುಚ್ಚಿದೆ. ಮುಚ್ಚುವ ಮೊದಲು ಅದರಿಂದ ಒಂದೇ ಒಂದು ಶಬ್ದ ಹೊರಬಂತು. ಯಾವುದೆಂದು ನೀವು ಊಹಿಸಿರಬಹುದು. ಹೂಂ.

ಮರುದಿನ ಆರರ ಪೂಜೆ ಮುಗಿಯುವ ಹೊತ್ತಿಗೆ ಬಳ್ಳಾರಿಯ ಕ್ಯಾಥೋಲಿಕ್ ಸಮುದಾಯಕ್ಕೆಲ್ಲ ಸುದ್ದಿ ಮುಟ್ಟಿತ್ತು. ಉಪದೇಶಿಯ ಮೊಮ್ಮಗಳು ಗರ್ಭಶಾಸ್ತ್ರ ಓದುತ್ತಾಳೆ. ಅವ್ವ ಒಬ್ಬ ಸಿಸ್ಟರ್ ಕೈಯಿಂದ ನರ್ಸಿಂಗ್ ಕಾಲೇಜಿನ ಅರ್ಜಿಯನ್ನೂ ತರಿಸಿಬಿಟ್ಟಳು. ಜೊತೆಗೆ ಸ್ಟೆಲ್ಲಾಳನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ, “ಯವ್ವಾ, ಹೆರಿಗಿ ಎಷ್ಟಾರ ಮಾಡ್ಸು. ಗರ್ಭ ತೆಗ್ಯಾ ಕೆಲಸಕ್ಕ ಮಾತ್ರ ಕೈ ಹಾಕಬ್ಯಾಡ. ಅದು ಪಾಪ,” ಅಂದಳಂತೆ. ಸ್ಟೆಲ್ಲಾ ಏನೂ ಅರ್ಥವಾಗದೆ, “ಆತು ಅಜ್ಜಿ,” ಅಂದಳಂತೆ. ಹೂಂ ಅನ್ನುವ ರೋಗ ವಂಶಕ್ಕೇ ಇದೆ.

ಸ್ಟೆಲ್ಲಾಳಿಗೆ ಗುಟ್ಟು ಬಯಲಾದದ್ದು ಬುಧವಾರ. ಅವ್ವ ಎದುರುಮನೆಯ ಸೊಸೆಯನ್ನು ಕೈಹಿಡಿದು ಕರೆತಂದಳು. ಏಳು ತಿಂಗಳ ಬಸುರಿ, ಪಾಪ, ಏದುಸಿರು ಬಿಡುತ್ತ ಬಂದು ಕುರ್ಚಿಯ ಮೇಲೆ ಕೂತಳು. ಅವ್ವ, “ಬಾ ಕೂಸ, ಹಿಂಗ ಹೊಟ್ಟಿ ಮ್ಯಾಲೆ ಕೈಯಿಟ್ಟು ನೋಡು. ಈಗಿಂದ ಅಭ್ಯಾಸ ಆಗ್ಲಿ,” ಅಂದಳು. ಸ್ಟೆಲ್ಲಾ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

ಆ ಹೆಣ್ಣುಮಗಳು ಮಜ್ಜಿಗೆ ಕುಡಿದು ಹೋದ ಮೇಲೆ ಮಗಳು ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಎಲ್ಲ ಕೇಳಿದಳು. ಮೊದಲು ನಕ್ಕಳು, ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ಒಮ್ಮೆಲೇ ನಿಂತಿತು.

“ಪಪ್ಪಾ, ಕಾಲೇಜಿನ ಅರ್ಜಿಗೆ ಶನಿವಾರ ಐದು ಗಂಟಿಗೆ ಕಡೀ ಟೈಮು. ಅರ್ಜಿ ಪ್ರಿಂಟಿಗೆ ನಿಮ್ಮ ಸಹಿ ಬೇಕು. ಜಿಯಾಲಜಿಗೆ ಇರಾವು ಸ್ವಲ್ಪ ಸೀಟು. ಹೋದ್ರ ಹೋತು.”

“ಸಹಿ ಈಗ ಹಾಕ್ತೀನಿ, ತಾ. ಅವ್ವಗ ಆಮ್ಯಾಲೆ ನಿಧಾನಕ…”

“ಬ್ಯಾಡ. ಅಜ್ಜಿ ಶಿಲುಬಿ ಗುರುತು ಹಾಕದ ನಾ ಕಾಲೇಜಿಗೆ ಹೋಗಂಗಿಲ್ಲ. ಸುಳ್ಳು ಹೇಳಿ ಹಾಕಿಸ್ಕೊಳ್ಳಂಗೂ ಇಲ್ಲ. ನೀವ ಹೇಳಿದ್ದು, ನೀವ ಬಿಡಿಸ್ರಿ.”

ಹದಿನೆಂಟು ವರ್ಷದ ಹುಡುಗಿಯ ಬಾಯಲ್ಲಿ ನಮ್ಮಪ್ಪ ಮಾತಾಡಿದ ಹಾಗಿತ್ತು. ಸಿರಿಗೇರಿಯಲ್ಲಿ ಜಗಳ ಬಿಡಿಸುವಾಗಿನ ಅಪ್ಪ.

ಗುರುವಾರ ಮೂರು ಸಲ ಅವ್ವನ ಹತ್ತಿರ ಹೋದೆ. ಒಂದು ಸಲ ಅವಳು ಜಪ ಮಾಡುತ್ತಿದ್ದಳು. ಒಂದು ಸಲ ಮಲಗಿದ್ದಳು. ಒಂದು ಸಲ ಎಚ್ಚರವಿದ್ದು, ಜಪವೂ ಮಾಡದೆ, “ಏನಲೇ?” ಅಂದಳು. “ಏನಿಲ್ಲ, ಊಟ ಆತೇನು?” ಅಂದೆ. “ನಿನ್ನ ಜೊತಿಗೇ ಕುಂತು ಉಂಡೀನಲ್ಲೋ,” ಅಂದಳು. ಆ ಸಂಜೆಯೇ ನಾನು ನರ್ಸಿಂಗ್ ಅರ್ಜಿಯನ್ನು ತೆಗೆದುಕೊಂಡು ಕೂತದ್ದು. ಪೆನ್ಸಿಲಿನಲ್ಲಿ, ಸುಮ್ಮನೆ, ಕೈಗೆ ಕೆಲಸವಿರಲಿ ಅಂತ. ಬಸುರಿ ಬಾಣಂತಿಯರ ಸೇವೆಯೂ ಒಳ್ಳೆಯದೇ ಅಲ್ಲವೇ, ಅವ್ವನ ಹರಕೆಯೂ ತೀರುತ್ತದೆ, ಚರ್ಚಿನಲ್ಲಿ ಮುಖ ಉಳಿಯುತ್ತದೆ ಅಂತ ಮನಸ್ಸು ಮೆಲ್ಲಗೆ ಸಾಲು ಬದಲಿಸುತ್ತಿತ್ತು. ‘ಆರಿಸಿಕೊಳ್ಳಲು ಕಾರಣ’ ಎಂಬಲ್ಲಿಗೆ ಬಂದಾಗ ಪೆನ್ಸಿಲ್ ನಿಂತಿತು. ಬರೆಯಬೇಕಾಗಿದ್ದ ನಿಜವಾದ ಕಾರಣ ‘ತಂದೆ ಹೆದರುಪುಕ್ಕಲ’ ಎಂದು. ಅದನ್ನು ಪೆನ್ಸಿಲಿನಲ್ಲೂ ಬರೆಯಲಾಗಲಿಲ್ಲ.

ಶುಕ್ರವಾರ ಸಂಜೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ನಮ್ಮ ಫಾದರ್. ವಯಸ್ಸು ನನಗಿಂತ ಹದಿನೈದು ವರ್ಷ ಕಡಿಮೆ. ಮಂಡಿಯೂರಿ, “ಸ್ವಾಮಿ, ನಾನು ಒಂದನ್ನ ಮುಚ್ಚಿಟ್ಟೀನಿ,” ಅಂದೆ.

“ಏನು ಮುಚ್ಚಿಟ್ಟೀರಿ?”

“ಭೂ.”

ಆ ಕಡೆಯಿಂದ ಬಹಳ ಗಂಭೀರವಾದ ದನಿ ಬಂತು: “ಎಷ್ಟು ಎಕರೆ?”

ಅವರ ತಪ್ಪಲ್ಲ ಬಿಡಿ. ಬಳ್ಳಾರಿಯಲ್ಲಿ ಯಾರಾದರೂ ಭೂಮಿ ಮುಚ್ಚಿಟ್ಟೆ ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ನಾನು ಎಲ್ಲ ಬಿಡಿಸಿ ಹೇಳಿದೆ. ಕುಕ್ಕರಿನಿಂದ ಹಿಡಿದು ಏಳು ತಿಂಗಳ ಬಸುರಿಯವರೆಗೆ. ಹೇಳುತ್ತಾ ಹೋದಂತೆ ಪೀಠ ಅಲುಗಾಡತೊಡಗಿತು. ಫಾದರ್ ನಗು ತಡೆಯಲು ಕೆಮ್ಮಿದರು, ಕೆಮ್ಮು ತಡೆಯಲು ನಕ್ಕರು. ಹೊರಗೆ ಸಾಲಿನಲ್ಲಿ ನಿಂತವರೆಲ್ಲ ಕತ್ತು ಉದ್ದ ಮಾಡಿದರು. ಫಾದರನ್ನೇ ನಗಿಸುವಂಥ ಪಾಪ ಮಾಸ್ತರು ಏನು ಮಾಡಿರಬಹುದು ಅಂತ ಅವರು ಇವತ್ತಿಗೂ ಯೋಚಿಸುತ್ತಿದ್ದಾರೆ.

ಬಂದದ್ದೇ ಬಂದೆ, ಇನ್ನೊಂದು ಚಿಂತೆಯನ್ನೂ ಇಳಿಸೋಣ ಅಂದುಕೊಂಡು ಕೇಳಿದೆ: “ಸ್ವಾಮಿ, ಕಲ್ಲಿನ ವಯಸ್ಸು, ಭೂಮಿ ವಯಸ್ಸು ಅಂತ ಓದಿದ್ರ ಹುಡುಗಿ ವಿಶ್ವಾಸ ಕಳ್ಕೊಳ್ಳಂಗಿಲ್ಲೇನ್ರಿ?”

“ಕಲ್ಲು ಯಾರು ಮಾಡಿದ್ದಂತ ನಂಬೀರಿ?”

“ದೇವರು.”

“ಮತ್ತ, ತಾನು ಮಾಡಿದ್ದನ್ನ ಒಬ್ಬ ಹುಡುಗಿ ಹತ್ತಿರ ಹೋಗಿ, ಮುಟ್ಟಿ ನೋಡ್ತೀನಿ ಅಂದ್ರ ಆತಗ ಯಾಕ ಸಿಟ್ಟು ಬರ್ತೈತಿ, ಮಾಸ್ತರ್ರೇ? ಆ ಶಾಸ್ತ್ರಕ್ಕ ಅಡಿಪಾಯ ಹಾಕಿದವರಾಗ ನಮ್ಮ ಬಿಷಪ್ಪರೇ ಒಬ್ಬರು ಇದ್ರು, ಹಿಂದಿನ ಕಾಲದಾಗ. ಆಕಿ ವಿಶ್ವಾಸದ ಫಿಕರ್ ಬಿಡ್ರಿ. ನಿಮ್ಮದು ನೋಡ್ಕೊಳ್ರಿ.”

ಪ್ರಾಯಶ್ಚಿತ್ತಕ್ಕೆ ನನಗೆ ಪ್ರತಿಸಲ ಮೂರು ‘ನಮೋ ಮರಿಯೆ’ ಜಪ ಸಿಗುತ್ತದೆ. ಈ ಸಲ ಅದೂ ಇಲ್ಲ. “ಮನಿಗೆ ಹೋಗ್ರಿ. ನಿಮ್ಮವ್ವಗ ಆ ಶಬ್ದ ಪೂರ್ತಿ ಹೇಳ್ರಿ. ಐದೂ ಅಕ್ಷರ. ಕುಕ್ಕರ್ ಇಳಿಸಿ ಹೇಳ್ರಿ.”

ಅವತ್ತು ಸಂಜೆಯೂ ಹೇಳಲಿಲ್ಲ. ಪ್ರಾಯಶ್ಚಿತ್ತಕ್ಕೆ ಗಡುವು ಕೊಟ್ಟಿರಲಿಲ್ಲವಲ್ಲ!

ಶನಿವಾರ ಬೆಳಿಗ್ಗೆ ಎಂಟೂವರೆ. ಅವ್ವ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಳು. ಹಳೆಯ ಸೀರೆ ಹಾಸಿ, ಸಿರುಗುಪ್ಪದ ಅಕ್ಕಿಯ ಹಿಟ್ಟನ್ನು ಬೆರಳಿನಿಂದ ಚುಕ್ಕೆ ಚುಕ್ಕೆಯಾಗಿ ಬಿಡುತ್ತಿದ್ದಳು. ಎದುರಿಗೆ ಬಳ್ಳಾರಿ ಗುಡ್ಡ ಬಿಸಿಲಿಗೆ ಆಗಲೇ ಮೈಕಾಯಿಸಿಕೊಂಡು ಕೂತಿತ್ತು. ಮೆಟ್ಟಿಲ ಮೇಲೆ ಸ್ಟೆಲ್ಲಾ, ಕೈಯಲ್ಲಿ ಪ್ರಿಂಟು, ಪೆನ್ನು. ಅವಳ ಹಿಂದೆ ಲೂರ್ದು. ಇಬ್ಬರೂ ನನ್ನನ್ನು ಬೆನ್ನಿಗೆ ಕೈಹಚ್ಚಿ ದೂಡದೆ ದೂಡಿದರು.

ಅವ್ವನ ಬಲಗಡೆ ಕುಕ್ಕರಗಾಲಿನಲ್ಲಿ ಕೂತೆ. ಬಲಗಿವಿಯ ಹತ್ತಿರ ಬಾಗಿದೆ. “ಅವ್ವ, ಭೂ,” ಅಂದೆ.

“ಏನಲೇ?”

“ಭೂ… ಭೂಗರ್ಭಶಾಸ್ತ್ರ. ಗರ್ಭಶಾಸ್ತ್ರ ಅಲ್ಲ. ಭೂಮಿ ಗರ್ಭ. ಸ್ಟೆಲ್ಲಾ ಓದಾದು ನರ್ಸಿಂಗ್ ಅಲ್ಲವ್ವ. ಕಲ್ಲು. ಮಣ್ಣು. ಗುಡ್ಡ. ಅವತ್ತ ಕುಕ್ಕರ್ ಕೂಗಿತು, ನಿನಗ ಕೇಳಿಸಲಿಲ್ಲ, ನಾ ಬಿಡಿಸಿ ಹೇಳಲಿಲ್ಲ.” ಒಂದೇ ಉಸಿರಿನಲ್ಲಿ ಮುಗಿಸಿದೆ.

ಅವ್ವನ ಬೆರಳು ಹಿಟ್ಟಿನಲ್ಲಿ ನಿಂತಿತು. ನಾನು ಅಳುವಿಗೆ ಸಿದ್ಧನಾಗಿದ್ದೆ, ಬೈಗುಳಕ್ಕೂ ಸಿದ್ಧನಾಗಿದ್ದೆ. ಅವಳು ಮೆಲ್ಲಗೆ ಕೇಳಿದಳು: “ಹಂಗಾದ್ರ ಒಂದು ವಾರ ನಾನು ಚರ್ಚಿನ ತುಂಬ ಸುಳ್ಳು ಹೇಳ್ಕೊಂಡು ತಿರುಗ್ಯಾಡೀನೇನಲೇ ಅಂತೋಣಿ?”

ಈ ಸಲ ಹೂಂ ಅನ್ನುವುದು ಕಷ್ಟವಾಯಿತು. ಆದರೂ ಅಂದೆ. ಜೀವಮಾನದಲ್ಲಿ ಅಂದ ಹೂಂಗಳಲ್ಲಿ ಅದೊಂದೇ ನಿಜವಾದದ್ದು.

ಸ್ಟೆಲ್ಲಾ ಬಂದು ಅಜ್ಜಿಯ ಎದುರು ಕೂತಳು. “ಅಜ್ಜಿ, ನಿನಗ ನೋವಾದ್ರ ನಾ ಹೋಗಂಗಿಲ್ಲ. ಆದ್ರ ನರ್ಸಿಂಗೂ ಮಾಡಂಗಿಲ್ಲ. ನನಗ ರಕ್ತ ನೋಡಿದ್ರ ತಲಿ ತಿರುಗ್ತೈತಿ. ಕಲ್ಲು ನೋಡಿದ್ರ…” ಮುಂದಿನ ಮಾತು ಸಿಗದೆ ಎರಡೂ ಕೈ ಅಗಲಿಸಿದಳು. ಅವಳ ಮುಖ ನೋಡಬೇಕಿತ್ತು ನೀವು. ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಂಡ ದಿನ ಹಾಗಿತ್ತು.

ಅವ್ವ ಆ ಮುಖವನ್ನು ನೋಡಿದಳು. “ಕಲ್ಲು ಓದಿ ಏನು ಮಾಡ್ತೀಯ ಕೂಸ?”

“ಅದು ಹೆಂಗ ಹುಟ್ಟಿತು, ಯಾವಾಗ ಹುಟ್ಟಿತು, ಹೊಟ್ಟ್ಯಾಗ ಏನೈತಿ, ಎಲ್ಲಾ ಹೇಳಬಹುದು ಅಜ್ಜಿ. ಬೋರು ಎಲ್ಲಿ ಕೊರದ್ರ ನೀರು ಬರ್ತೈತಿ ಅನ್ನಾದನ್ನೂ ಹೇಳಬಹುದು.”

“ಅಂದ್ರ ಇದೂ ಹುಟ್ಟಿನ ವಿದ್ಯಾನ ಆತಲ್ಲ,” ಅವ್ವ ತನ್ನಷ್ಟಕ್ಕೇ ಅಂದಳು. ಆಮೇಲೆ ಹಿಟ್ಟು ಮೆತ್ತಿದ ಬೆರಳನ್ನು ಎದುರಿನ ಗುಡ್ಡದ ಕಡೆ ತೋರಿಸಿ, “ಇದು ಯಾವಾಗ ಹುಟ್ಟಿತು, ಹೇಳು ನೋಡೋಣು,” ಅಂದಳು.

ಬೇಡ ಸ್ಟೆಲ್ಲಾ, ಇದೊಂದನ್ನು ಹೇಳಬೇಡ ಅಂತ ಹುಬ್ಬು ಹಾರಿಸಿದೆ, ಕಣ್ಣು ಮಿಟುಕಿಸಿದೆ, ಕೆಮ್ಮಿದೆ. ಸುಳ್ಳು ಹೇಳದ ಹುಡುಗಿ ಹೇಳಿಯೇಬಿಟ್ಟಳು: “ಸುಮಾರು ಇನ್ನೂರ ಐವತ್ತು ಕೋಟಿ ವರ್ಷದ ಹಿಂದ, ಅಜ್ಜಿ.”

ಅವ್ವನ ತುಟಿಗಳು ಅಲ್ಲಾಡಿದವು. ಜಪವೋ ಲೆಕ್ಕವೋ ಗೊತ್ತಾಗಲಿಲ್ಲ. ನಾನು ತಡೆಯಲಾರದೆ, “ಅವ್ವ, ಅದು ಹಂಗಲ್ಲ, ಆರು ದಿನ ಅಂದ್ರ ನಮ್ಮ ನಿಮ್ಮ ದಿನ ಅಲ್ಲ, ಫಾದರೂ ಹೇಳ್ಯಾರ, ಬಿಷಪ್ಪರೂ ಒಬ್ಬರು…” ಅಂತ ಶುರುಮಾಡಿದೆ.

“ನೀ ಸುಮ್ಕಿರಲೇ. ಒಂದು ವಾರ ಸುಮ್ಕ ಇದ್ದಿ, ಈಗ ಒದರ್ತಿ.” ಅವ್ವ ನನ್ನ ಕಡೆ ನೋಡಲೇ ಇಲ್ಲ. ಗುಡ್ಡವನ್ನು, ದಿನಾ ಬೆಳಿಗ್ಗೆ ಆರರ ಪೂಜೆಗೆ ಹೋಗುವಾಗ ನೋಡುವ ಅದೇ ಗುಡ್ಡವನ್ನು, ಈಗ ತಾನೇ ಯಾರೋ ಪರಿಚಯ ಮಾಡಿಕೊಟ್ಟ ಹಾಗೆ ನೋಡುತ್ತಿದ್ದಳು. “ಇನ್ನೂರ ಐವತ್ತು ಕೋಟಿ ವರ್ಷ! ಅಷ್ಟು ಹಿಂದಿಂದಾನ ನಮ್ಮ ಬಳ್ಳಾರಿ ಮಾಡಾಕ ಹತ್ತಿದ್ದ ಅನ್ನು ಮ್ಯಾಲಿರೋ ನಮ್ಮಪ್ಪ. ನೋಡು, ಏನೂ ಅವಸರ ಮಾಡಿಲ್ಲ.”

ಸ್ಟೆಲ್ಲಾ ಉಸಿರು ಬಿಟ್ಟಳು. ಮೆಟ್ಟಿಲ ಮೇಲಿದ್ದ ಲೂರ್ದು ಕೂಡ ಬಿಟ್ಟದ್ದು ನನಗೆ ಕೇಳಿಸಿತು.

“ಚರ್ಚಿನ ಮಂದಿಗೆ ನಾಳೆ ಪೂಜಿ ಆದ ಮ್ಯಾಲೆ ನಾನ ಹೇಳ್ತೀನಿ. ನಮ್ಮ ಹುಡುಗಿ ಓದಾದು ಒಬ್ಬಿಬ್ಬರು ಬಸುರ್ಯಾರನ್ನಲ್ಲ, ಭೂಮಿತಾಯಿನ ಅಂತೀನಿ,” ಅಂದಳು ಅವ್ವ. ಹಿಟ್ಟು ಒರೆಸಿಕೊಳ್ಳುವುದನ್ನು ಮರೆತು ಹೆಬ್ಬೆರಳನ್ನು ಸ್ಟೆಲ್ಲಾಳ ಹಣೆಗಿಟ್ಟು ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಎಳೆದಳು. ಬೆಳ್ಳನೆಯ ಶಿಲುಬೆ ಬಿಸಿಲಿಗೆ ಅಲ್ಲೇ ಒಣಗತೊಡಗಿತು.

ಆಮೇಲೆ ನನ್ನ ಕಡೆ ತಿರುಗಿದಳು. ನಾನು ಪ್ರಿಂಟನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ನು ಹಿಡಿದು, ಹೆಸರು ಸರಿಯಾಗಿದೆಯೋ, ಹುಟ್ಟಿದ ತಾರೀಖು ಸರಿಯಾಗಿದೆಯೋ, ಇನ್ನೊಂದು ಜೆರಾಕ್ಸ್ ತೆಗೆಸಿಕೊಂಡು ಬಂದು ಹಾಕಲೋ ಅಂತ ಮೂರನೇ ಸಲ ಮೊದಲಿನಿಂದ ಓದುತ್ತಿದ್ದೆ.

“ಲೇ ಅಂತೋಣಿ, ಆತಗ ಕೋಟಿಗಟ್ಟಲೆ ವರ್ಷ ಇದ್ವು. ನಿನಗ ಐದು ಗಂಟಿತನಕ ಐತಿ. ಹಾಕಲೇ ಸಹಿ.”

ಹಾಕಿದೆ.